ಕಂಬಳಿಯಲ್ಲಿ ಸುತ್ತಿದ ಗುದ್ದಲಿ ಕಾವು

ಚುನಾವಣೆ ಬಂತೆಂದರೆ ನಮ್ಮ ಕಡೆ ಬಂದೂಕು ಇದ್ದವರೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು. ಎಣಿಕೆ ಮುಗಿದ ಮೇಲೆ ವಾಪಸು ತರಬಹುದು. ಹಂದಿ, ಮಂಗಗಳಿಂದ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿಕೊಂಡವರು ಇಲ್ಲಿ ಹಲವರಿದ್ದಾರೆ. ಆ ದಿನಗಳಲ್ಲಿ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಗೋಣಿಯಲ್ಲೋ ಹಳೆ ಸೀರೆಯಲ್ಲೋ ಸುತ್ತಿದ ಉದ್ದನೆಯ ಗಂಟುಗಳು ಕಾಣುತ್ತವೆ. ಅದೇನೆಂದು ಯಾರೂ ಕೇಳುವುದಿಲ್ಲ. ನಾನೂ ಒಂದು ಗಂಟು ಹಿಡಿದು ಹೋಗುತ್ತಿದ್ದೆ. ನನ್ನ ಗಂಟಿನೊಳಗೆ ಇದ್ದದ್ದು ಗುದ್ದಲಿಯ ಕಾವು. ತೂಕ ಸಾಲದೆಂದು ಅದಕ್ಕೊಂದು ಕಬ್ಬಿಣದ ಪೈಪಿನ ತುಂಡು ಕಟ್ಟಿ, ಗಂಡನ ಕಂಬಳಿಯಲ್ಲಿ ಸುತ್ತಿದ್ದೆ.

ನಿಜವಾದ ಬಂದೂಕು ಇದ್ದದ್ದು ಗಂಡನ ಹೆಸರಿನಲ್ಲಿ. ಅವನು ಸತ್ತ ಮೇಲೆ ನಾನೇ ಅದನ್ನು ಠಾಣೆಗೆ ಕೊಟ್ಟುಬಿಟ್ಟೆ. ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಅರ್ಜಿ ಹಾಕಿ, ಕಾರವಾರಕ್ಕೆ ಹೋಗಿ ಎಂದು ಅಲ್ಲಿಯವರು ಹೇಳಿದರು. ನನಗೆ ಅಕ್ಷರ ಕೂಡಿಸಿ ಓದುವುದೇ ಕಷ್ಟ. ಕಾರವಾರದ ಕಚೇರಿಗಳ ಮೆಟ್ಟಿಲು ಹತ್ತುವುದು ನನ್ನಿಂದಾಗದು, ನೀವೇ ಇಟ್ಟುಕೊಳ್ಳಿ ಎಂದೆ. ಬರಿಗೈಯಲ್ಲಿ ಮನೆಗೆ ಬಂದೆ. ಊರಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಡನ ಬಂದೂಕು ಹೆಂಡತಿಗೆ ಬಂತು ಎಂದು ಅವರಷ್ಟಕ್ಕೆ ಅವರು ತಿಳಿದುಕೊಂಡರು. ಹಂದಿ ಬಂದಾಗ ಮಗಳು ತಗಡಿನ ಡಬ್ಬಿಯೊಳಗೆ ಗರ್ನಾಲು ಇಟ್ಟು ಹೊಡೆಯುತ್ತಿದ್ದಳು. ದೀಪಾವಳಿಗೆ ಹೊಡೆಯುವ ದೊಡ್ಡ ಸದ್ದಿನ ಪಟಾಕಿ ಅದು. ಗದ್ದೆಯಾಚೆಗಿನವರಿಗೆ ಅದು ಬಂದೂಕಿನಂತೆಯೇ ಕೇಳಿಸುತ್ತಿತ್ತು.

ಅಷ್ಟೇ ಆಗಿದ್ದರೆ ನಾನು ಗಂಟು ಹೊತ್ತುಕೊಂಡು ಬಸ್ಸು ಹತ್ತುತ್ತಿರಲಿಲ್ಲ. ನನಗೆ ನಾಟಕದ ಹುಚ್ಚಿಲ್ಲ. ಮಗಳನ್ನು ಕಾರವಾರದ ಈಚೆ ತೋಡೂರಿನ ಕಡೆ ಕೊಟ್ಟಿದ್ದೆವು. ಅಳಿಯ ಕುಡಿದು ಹೊಡೆಯುತ್ತಿದ್ದ. ಒಮ್ಮೆ ಅವಳ ಕೈ ಮುರಿದ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು ಮತ್ತೆ ಹೋಗಲಿಲ್ಲ. ಅಂಕೋಲೆಯ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಸಂಜೆ ಬಸ್ಸಿಳಿದು, ಗದ್ದೆಯ ಬದುವಿನ ಮೇಲೆ ನಡೆದು, ಗೇರುಹಕ್ಕಲಿನ ಕುರುಚಲು ಕಾಡು ದಾಟಿ ಮನೆಗೆ ಬರಬೇಕು. ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ ಬೇರೆ ಮನೆಯಿಲ್ಲ.

ಅಳಿಯ ಹುಡುಕಿಕೊಂಡು ಬಂದ. ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದು ಬೈದ. ನಾನು ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದೆ. ಎದ್ದು ನಿಲ್ಲಲಿಲ್ಲ. ತಲೆ ಒಳಗೆ ತಿರುಗಿಸಿ ಮಗಳಿಗೆ ಹೇಳಿದೆ.

"ಒಳಗಿದ್ದದ್ದು ತಕಂಬಾ."

ಮಗಳು ಬುದ್ಧಿವಂತೆ. ಏನನ್ನು ತರಬೇಕು ಎಂದು ಕೇಳಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಸದ್ದಾಗುವಂತೆ ತೆಗೆದಳು. ಅಳಿಯ ಅಂಗಳ ಬಿಟ್ಟವನು ಗದ್ದೆ ದಾಟುವವರೆಗೂ ಹಿಂದೆ ನೋಡಲಿಲ್ಲ. ಆಮೇಲೆ ಅವನು ಬರಲೇ ಇಲ್ಲ. ಆ ಮುದುಕಿ ಗುಂಡು ಹೊಡೆಯಲು ಹಿಂದೆ ಮುಂದೆ ನೋಡುವವಳಲ್ಲ ಎಂದು ತೋಡೂರಿನಲ್ಲಿ ಹೇಳಿಕೊಂಡು ತಿರುಗಿದನಂತೆ. ಹೇಳಲಿ ಎಂದೇ ನನಗೂ ಇತ್ತು.

ಅದರ ನಂತರದ ಚುನಾವಣೆಯಿಂದ ನಾನು ಗಂಟು ಹಿಡಿಯಲು ಶುರುಮಾಡಿದೆ. ಬಂದೂಕು ಇದ್ದವಳು ಠಾಣೆಗೆ ಒಯ್ಯದಿದ್ದರೆ ಜನರಿಗೆ ಸಂಶಯ ಬರುತ್ತದೆ. ಊರವರೆಲ್ಲ ಇರುವ ಬಸ್ಸನ್ನೇ ಹತ್ತುತ್ತಿದ್ದೆ. ಅಂಕೋಲೆಯಲ್ಲಿ ಇಳಿದವಳು ಠಾಣೆಯ ಕಡೆ ನಾಲ್ಕು ಹೆಜ್ಜೆ ಹಾಕಿ, ಸಂದಿಯಲ್ಲಿ ತಿರುಗಿ ತಂಗಿಯ ಮನೆಗೆ ಹೋಗುತ್ತಿದ್ದೆ. ಗಂಟು ಅವಳ ಮಂಚದ ಕೆಳಗೆ. ಚಾ ಕುಡಿದು ಬರಿಗೈಯಲ್ಲಿ ವಾಪಸು. ಎಣಿಕೆ ಮುಗಿದ ಮೇಲೆ ಹೋಗಿ ತರುತ್ತಿದ್ದೆ. ತಂಗಿಗೆ ಎಲ್ಲ ಹೇಳಿದ್ದೆ. ನಾವು ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು, ಅವಳಿಗೆ ಹೇಳದೆ ಯಾರಿಗೆ ಹೇಳಲಿ? ಅವಳ ಮಗನೂ ಅದನ್ನು ನೋಡಿಕೊಂಡೇ ದೊಡ್ಡವನಾದ. ಬಂದೂಕು ಬಂತು ಎಂದು ಚೇಷ್ಟೆ ಮಾಡುತ್ತ ಅವನೇ ಎಷ್ಟೋ ಸಲ ಅದನ್ನು ಮಂಚದಡಿ ತಳ್ಳಿದ್ದಾನೆ.

ಆ ಹುಡುಗ ಈಗ ಫೋನಿನಲ್ಲಿ ಪೇಪರು ನಡೆಸುತ್ತಾನೆ. ಅಚ್ಚಾಗುವ ಪೇಪರಲ್ಲ, ಫೋನು ಒತ್ತಿದರೆ ಬರುವಂಥದ್ದು. ಅಪಘಾತ, ಮೀನಿನ ದರ, ಯಾವ ರಸ್ತೆಯಲ್ಲಿ ಹೊಂಡ ಬಿದ್ದಿದೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕಾರವಾರದ ಕಚೇರಿಯಿಂದ ಮಾಹಿತಿ ಕೇಳಿ ತೆಗೆಸಿ, ತಾಲೂಕಿನಲ್ಲಿ ಯಾರ ಯಾರ ಮನೆಯಲ್ಲಿ ಲೈಸೆನ್ಸಿನ ಬಂದೂಕು ಇದೆ ಎಂದು ಊರು ಸಮೇತ ಹೆಸರು ಹಾಕಿದ. ಜನರಿಗೆ ಗೊತ್ತಿರಬೇಕು ಎನ್ನುವುದು ಅವನ ಮಾತು. ಏಕೆ ಗೊತ್ತಿರಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಘಟ್ಟದ ಬುಡದಲ್ಲಿ ಅಡಿಕೆ ತೋಟ ಇರುವ ಒಡೆಯರೊಬ್ಬರಿದ್ದಾರೆ. ಅವರಲ್ಲಿ ನಾನು ಅಡಿಕೆ ಸುಲಿಯಲು ಹೋಗುತ್ತಿದ್ದೆ. ಅವರ ಹೆಸರು ಮೊದಲಲ್ಲೇ ಬಂದಿತ್ತು. ಬಂದೂಕು ಎಲ್ಲಿದೆ ಎಂದು ಕಳ್ಳನಿಗೆ ದಾರಿ ತೋರಿಸಿದ ಹಾಗಾಯಿತು, ಮನೆ ಬಿಟ್ಟು ಮದುವೆಗೆ ಹೋಗುವುದೂ ಕಷ್ಟ ಎಂದು ಕೂಗಾಡಿದರು. ಕಾರವಾರಕ್ಕೆ ಹೋಗಿ ದೂರು ಕೊಡುವುದಾಗಿ ಹೇಳಿದರು. ನಾನೂ ಬರುತ್ತೇನೆ ಒಡೆಯಾ ಎಂದೆ. ಅವರು ನಕ್ಕುಬಿಟ್ಟರು.

"ನಿನ್ನ ಹೆಸ್ರೇ ಇಲ್ಲ ಮಾರಾಯ್ತಿ, ನಿಂಗೆಂತ ನಷ್ಟ?"

ನಷ್ಟ ಅದೇ ಎಂದು ಅವರಿಗೆ ಹೇಳುವುದು ಹೇಗೆ? ಸುಮ್ಮನೆ ಅಡಿಕೆ ಸುಲಿದು ಬಂದೆ.

ಹೆಸರು ಬಿಟ್ಟುಹೋದದ್ದಷ್ಟೇ ಆಗಿದ್ದರೆ ದಾಟಿಕೊಳ್ಳುತ್ತಿದ್ದೆ. ಊರವರು ನನ್ನನ್ನು ನಂಬಿದ್ದರು, ಅವನ ಪೇಪರನ್ನಲ್ಲ. ನಮ್ಮ ಊರಿನ ಕಿರಾಣಿ ಅಂಗಡಿಯವನು ಆ ಹೆಸರುಗಳ ಕೆಳಗೇ ಬರೆದಿದ್ದನಂತೆ: ನಮ್ಮೂರ ಅಜ್ಜಿಯ ಹೆಸರು ಬಿಟ್ಟುಹೋಗಿದೆ, ಪ್ರತಿ ಚುನಾವಣೆಗೆ ಅವಳು ಬಂದೂಕು ಜಮಾ ಮಾಡುವುದನ್ನು ನಾವೇ ನೋಡಿದ್ದೇವೆ, ನಿಮ್ಮ ಪೇಪರು ಸುಳ್ಳು ಎಂದು. ನನ್ನ ಮೇಲಿನ ಪ್ರೀತಿಯಿಂದಲೇ ಬರೆದಿದ್ದ. ಸುಳ್ಳು ಎಂದದ್ದನ್ನು ಹುಡುಗನಿಗೆ ತಡೆಯಲಾಗಲಿಲ್ಲ. ಎಲ್ಲರೂ ಓದುವ ಜಾಗದಲ್ಲಿ ಉತ್ತರ ಬರೆದ. ಮಗಳು ಅದನ್ನು ನನಗೆ ಓದಿ ಹೇಳಿದಳು. "ಪಟ್ಟಿ ಸರಿಯಾಗಿಯೇ ಇದೆ. ಅವರು ನನ್ನ ದೊಡ್ಡಮ್ಮ. ಅವರ ಬಳಿ ಬಂದೂಕಿಲ್ಲ. ಆ ಗಂಟಿನಲ್ಲಿರುವುದು ಗುದ್ದಲಿ ಕಾವು, ನಮ್ಮ ಮಂಚದ ಕೆಳಗೇ ಇರುತ್ತದೆ." ಕೊನೆಯಲ್ಲಿ ನಗುವ ಮುಖಗಳ ಚಿತ್ರವನ್ನೂ ಹಾಕಿದ್ದ. ಮಗಳು ಫೋನನ್ನು ಕವುಚಿ ಇಟ್ಟು, ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು.

ಮರುದಿನ ನಾನು ಅಂಕೋಲೆಗೆ ಹೋದೆ. ಹುಡುಗ ಮನೆಯಲ್ಲಿರಲಿಲ್ಲ. ತಂಗಿ ಮೀನು ಕೊಯ್ಯುತ್ತಿದ್ದಳು. ನಾನು ಬಂದದ್ದು ಏಕೆಂದು ಅವಳಿಗೆ ಗೊತ್ತಿತ್ತು. ತಲೆ ಎತ್ತಲಿಲ್ಲ. ನಿನ್ನ ಮಗ ನನ್ನ ಮಗಳ ಕುತ್ತಿಗೆ ಹಿಡಿದು ಅವಳ ಗಂಡನ ಕೈಗೆ ಕೊಟ್ಟ ಎಂದೆ. ಅವಳು ಕತ್ತಿ ಕೆಳಗಿಟ್ಟಳು.

"ಸುಳ್ಳು ಬರೆದ್ನೇನೆ ಅಂವ?"

"ಸುಳ್ಳು ಬರೆದಿದ್ರೆ ನಾ ಇಲ್ಲಿಗೆ ಬತ್ತಿದ್ನಿಲ್ಲ."

"ಜನ ಅವ್ನ ಪೇಪರು ಸುಳ್ಳು ಅಂದ್ರೆ ಅಂವ ಹೊಟ್ಟಿಗೆಂತ ತಿನ್ನೂದೆ, ಅಕ್ಕ?"

ಹುಡುಗ ಕೆಟ್ಟವನಲ್ಲ, ಸಣ್ಣವನಿದ್ದಾಗ ಜ್ವರ ಬಂದರೆ ನನ್ನ ಮಡಿಲಲ್ಲೇ ಮಲಗುತ್ತಿದ್ದ. ಬರೆಯುವಾಗ ನನ್ನ ನೆನಪು ಬರಲಿಲ್ಲವೆಂದೇನೂ ಅಲ್ಲ, ದೊಡ್ಡಮ್ಮ ಎಂದೇ ಬರೆದಿದ್ದಾನೆ. ತಂಗಿಗಾದರೋ ಅಳಿಯನ ವಿಷಯ ಪೂರ್ತಿ ಗೊತ್ತು. ಮಗಳ ಕೈಯ ಪಟ್ಟಿ ಬಿಚ್ಚಿಸಲು ಕರೆದುಕೊಂಡು ಹೋದವಳೇ ಅವಳು. ಗೊತ್ತಿದ್ದೂ ಮಗನ ಪೇಪರಿನ ಪಕ್ಕ ನಿಂತಳು. ಗಂಟು ಎಲ್ಲಿದೆ ಎಂದು ಕೇಳಿದೆ. ಕಳೆದ ಚುನಾವಣೆಯ ಮೇಲೆ ವಾಪಸು ತರಲು ಮೈ ಸರಿಯಿಲ್ಲದೆ ಅಲ್ಲೇ ಬಿಟ್ಟಿದ್ದೆ. ಅವಳು ಮಂಚದ ಕೆಳಗಿಂದ ಎಳೆದು ಕೊಟ್ಟಳು. ಚಾ ಮಾಡುತ್ತೇನೆ ಎಂದಳು, ಬೇಡವೆಂದೆ. ಬಸ್ಸಿನಲ್ಲಿ ಗಂಟು ನೋಡಿ ಹಿಂದಿನ ಸೀಟಿನ ಗಂಡಸರು ನಕ್ಕರು. ಅಜ್ಜಿ, ಮೆಲ್ಲ ಹಿಡಿ, ಸಿಡಿದುಬಿಟ್ಟರೆ ಎಂದು ಒಬ್ಬ ಹೇಳಿದ. ಕಂಬಳಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ, ಕಾವನ್ನು ಹಾಗೆಯೇ ಕೈಯಲ್ಲಿ ಹಿಡಿದು ಮನೆಗೆ ಬಂದೆ.

ವಾರ ಕಳೆಯುವುದರೊಳಗೆ ಅಳಿಯ ಬಂದ. ಹಗಲಿನಲ್ಲೇ ಬಂದ, ಕುಡಿದಿರಲಿಲ್ಲ, ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಅಂಗಳದಲ್ಲಿ ನಿಲ್ಲಲಿಲ್ಲ, ನೇರವಾಗಿ ಜಗಲಿ ಹತ್ತಿ ಕುಳಿತ. ಮಗಳು ಕೆಲಸಕ್ಕೆ ಹೋಗಿದ್ದಳು. ನನ್ನ ಬಾಯಿಗೆ ಹಳೆಯ ಮಾತು ಬಂತು. ಒಳಗಿಂದ ತರುವವರು ಯಾರೂ ಇರಲಿಲ್ಲ, ತರಲು ಏನೂ ಇರಲಿಲ್ಲ. ಅವನು ನನ್ನ ಮುಖ ನೋಡುತ್ತಲೇ ಇದ್ದ.

"ಹೇಳು ಅತ್ತೆ, ತಕಂಬಾ ಅನ್ನು. ನಾನೂ ನೋಡ್ತೆ."

ಅವನು ಒಳಗೆ ಹೋಗಿ ತಾನೇ ಕೊಡದಿಂದ ನೀರು ಕುಡಿದ. ಅವಳು ಯಾವ ಬಸ್ಸಿಗೆ ಬರುತ್ತಾಳೆ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಗೊತ್ತುಮಾಡಿಕೊಳ್ಳುತ್ತೇನೆ ಎಂದು ಎದ್ದು ಹೋದ. ಬಸ್ಸು ನಿಲ್ಲುವಲ್ಲಿ, ಆಲದ ಮರದ ಕೆಳಗೆ ಕುಳಿತಿದ್ದಾನೆ ಎಂದು ಅಂಗಡಿಯವನು ಹೇಳಿಕಳಿಸಿದ. ಅಂಗಡಿಯವನ ಫೋನಿನಿಂದಲೇ ನಾನು ಮಗಳಿಗೆ ಹೇಳಿಸಿದೆ: ಇವತ್ತು ಬರಬೇಡ, ನಾಳೆಯೂ ಬೇಡ. ಆ ಅಂಗಡಿಯವನಿಗೆ ತನ್ನಿಂದಲೇ ಹೀಗಾಯಿತು ಎಂಬ ಸಂಕಟ. ನನ್ನ ಮುಖ ನೋಡಲು ನಾಚುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಗೊತ್ತಿರಲಿಲ್ಲ.

ಮಗಳು ಆಮೇಲೆ ಮನೆಗೆ ಬಂದಿಲ್ಲ. ಆಸ್ಪತ್ರೆಯ ಕೆಲಸವನ್ನೂ ಬಿಟ್ಟಳು. ಬೇರೆ ಕಡೆ ಕೆಲಸ ಹಿಡಿದಿದ್ದಾಳೆ, ಬೇರೆ ಹೆಂಗಸರ ಜೊತೆ ಕೋಣೆ ಮಾಡಿಕೊಂಡಿದ್ದಾಳೆ. ಅವಳ ಸೀರೆಗಳನ್ನು, ಕುಕ್ಕರನ್ನು ನಾನೇ ಒಯ್ದು ಕೊಟ್ಟೆ.

ಮೊನ್ನೆ ತಂಗಿ ಬಂದಿದ್ದಳು. ಬುಟ್ಟಿಯಲ್ಲಿ ಬಂಗಡೆ ಮೀನು ತಂದಿದ್ದಳು. ಮಗ ಬರೆದದ್ದನ್ನು ಅಳಿಸಿದ್ದಾನೆ, ಈಗ ಯಾರಿಗೂ ಕಾಣುವುದಿಲ್ಲ ಎಂದಳು. ಓದಿದವರ ತಲೆಯಿಂದಲೂ ಅಳಿಸಿದ್ದಾನೆಯೇ ಎಂದು ನಾನು ಕೇಳಲಿಲ್ಲ. ಬಂಗಡೆ ತಾಜಾ ಇತ್ತು, ಸಾರು ಮಾಡಿದೆ, ಇಬ್ಬರೂ ಉಂಡೆವು. ಕೈ ತೊಳೆಯುವಾಗ ಕೇಳಿದಳು.

"ಅಕ್ಕ, ಹುಡುಗಿ ಈಗ ಎಲ್ಲಿ ಉಳ್ಕಂಡದೆ?"

ಗೊತ್ತಿಲ್ಲ ಎಂದೆ. ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಾಯಿತು. ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋದಳು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳಿಗೇ ಹೇಳಲಿಲ್ಲ. ನಿಮಗೂ ಹೇಳುವುದಿಲ್ಲ.