ನಲವತ್ತು ನಿಮಿಷದ ಏರಿಗೆ ಒಂದು ಪಂಪು

ನಮಗೆ ಕಾರು ಓಡಿಸಲು ಕಲಿಸುವ ಟೀಚರ್ ಇಪ್ಪತ್ತಾರು ವರ್ಷಗಳಿಂದ ತಮ್ಮ ಸ್ವಂತ ಕಾರಿನ ಪಕ್ಕದ ಸೀಟಿನಲ್ಲೇ ಕೂತಿದ್ದಾರೆ. ಸ್ಟೀರಿಂಗ್ ಹಿಡಿಯುವ ಭಾಗ್ಯ ಕಲಿಯಲು ಬಂದ ನಮ್ಮಂಥವರದ್ದು. ನಾನು ಕನ್ನಡಕದ ಅಂಗಡಿ ಇಟ್ಟಿರುವವನು, ವಯಸ್ಸು ನಲವತ್ತಮೂರು, ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ನಪಾಸು. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವವನಿಗೆ ಹಿಂದೆ ನಿಂತ ಲಾರಿ ಕಾಣಲಿಲ್ಲವೇ ಎಂದು ಪರೀಕ್ಷೆ ಮಾಡುವವರು ನಕ್ಕರು. ಹೀಗಾಗಿ ಬೇರೆಯವರು ಒಂದು ತಿಂಗಳು ನೋಡುವ ಟೀಚರನ್ನು ನಾನು ಏಳು ತಿಂಗಳು ನೋಡಿದೆ.

ಟೀಚರಿಗೆ ಐವತ್ತೊಂದು. ಎಡಗಾಲು ಬಲಗಾಲಿಗಿಂತ ಮೂರು ಬೆರಳಷ್ಟು ಗಿಡ್ಡ, ಹುಟ್ಟಿನಿಂದಲೇ. ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ಅವರ ಅಪ್ಪ ಆ ಕಾಲಿನ ಅಳತೆ ತೆಗೆದುಕೊಂಡು, ಪಕ್ಕದ ಸೀಟಿನ ಮುಂದೆ ಒಂದು ಕ್ಲಚ್ಚು, ಒಂದು ಬ್ರೇಕು ಕೂರಿಸಿಕೊಟ್ಟಿದ್ದರು. ಓಡಿಸುವವರ ಕಡೆಯ ಕ್ಲಚ್ಚಿಗೂ ಬೇಕಾದಾಗ ಸಿಕ್ಕಿಸಿ ತೆಗೆಯುವಂಥ ಮರದ ಗಟ್ಟಿಯೊಂದನ್ನು ಮಾಡಿದ್ದರು. ಅದನ್ನು ಸಿಕ್ಕಿಸಿಕೊಂಡು ಟೀಚರ್ ಪೆಟ್ರೋಲ್ ಬಂಕಿಗೂ ತಮ್ಮನ ಗ್ಯಾರೇಜಿಗೂ ತಾವೇ ಓಡಿಸಿಕೊಂಡು ಹೋಗುತ್ತಾರೆ. ಅದಕ್ಕಿಂತ ದೂರ ಹೋದವರಲ್ಲ. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು, ಅಂಥ ಕೆಲಸ ಮಾಡಿಕೊಡುವ ಕೈ ಈಗಿಲ್ಲ. ಹಳೆಯ ಇಂಜಿನ್ ಹೊಗೆ ಕಾರತೊಡಗಿದಾಗ, ಕಾರನ್ನೇ ಬದಲಾಯಿಸಿ ಎಂದು ಬುದ್ಧಿ ಹೇಳಿದವರಿಗೆ ಅವರು, "ಮೊದ್ಲು ಒಂದು ಕಾಲು ಬದ್ಲಾಯ್ಸಿ ಕೊಡಿ, ಆಮೇಲೆ ಕಾರು ಬದ್ಲಾಯಿಸ್ತೀನಿ" ಎಂದರು.

ಬದಲಾಯಿಸಬಹುದಾದದ್ದು ಇಂಜಿನ್ ಮಾತ್ರ. ಆ ಕೆಲಸವನ್ನು ಮೆಕ್ಯಾನಿಕ್ ತಮ್ಮ ಒಪ್ಪಿಕೊಂಡ. ಅವನ ಕೈಯಲ್ಲಿ ಕೆಲಸವಿದೆ, ಬಾಯಲ್ಲಿ ಅದರ ಎರಡರಷ್ಟು ಗಾದೆಗಳಿವೆ. ಹಿಂದಿನಿಂದ ಲಾರಿ ಗುದ್ದಿ ಅಪ್ಪಚ್ಚಿಯಾದ ಕಾರೊಂದರಿಂದ ಚಿಕ್ಕ, ಚೊಕ್ಕ ಇಂಜಿನ್ ಬಿಚ್ಚಿಕೊಂಡು ಬಂದ. ಗುದ್ದಿದ್ದು ಹಿಂದೆ, ಹಾಗಾಗಿ ಮುಂದಿನ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಆದರೆ ಹಿಂದೆ ಇದ್ದ ಪೆಟ್ರೋಲ್ ಟ್ಯಾಂಕು, ಅದರೊಳಗಿನ ಪಂಪು ಎರಡೂ ಚಪ್ಪಟೆಯಾಗಿದ್ದವು.

ಹಳೆಯ ಇಂಜಿನ್ನಿಗೆ ಪೆಟ್ರೋಲ್ ಮೆಲ್ಲಗೆ ಹರಿದು ಬಂದರೆ ಸಾಕಿತ್ತು, ಕಾರ್ಬ್ಯುರೇಟರ್ ಎಂಬ ಬಟ್ಟಲು ತುಂಬಿದರೆ ಅದಕ್ಕೆ ನೆಮ್ಮದಿ. ಹೊಸದು ಇಂಜೆಕ್ಷನ್ ಇಂಜಿನ್. ಅದಕ್ಕೆ ಪೆಟ್ರೋಲನ್ನು ಸೂಜಿಮದ್ದು ಕೊಟ್ಟ ಹಾಗೆ ಒತ್ತಡದಲ್ಲಿ ಕೊಡಬೇಕು. ಒತ್ತಡವೊಂದಿದ್ದರೂ ಸಾಲದು, ಇಂಜಿನ್ ಮೈಮುರಿದು ದುಡಿಯುವಾಗ ಅದು ಕೇಳಿದಷ್ಟು ಧಾರೆ ಬರುತ್ತಲೂ ಇರಬೇಕು. ಕಂಪನಿಯ ಹೊಸ ಪಂಪಿಗೆ ಅರ್ಧ ಇಂಜಿನ್ನಿನ ಬೆಲೆ. "ಅಷ್ಟೆಲ್ಲ ನನ್ ಕೈಲಾಗಲ್ಲ, ಕೈಗೆ ಎಟುಕೋದು ಒಂದು ನೀನೇ ನೋಡಿ ಹಾಕು" ಎಂದರು ಟೀಚರ್. ತಮ್ಮ ಅಳೆದೂ ಸುರಿದೂ ಒಂದನ್ನು ಹಾಕಿದ. ಯಾವುದು ಎಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಾರು ಚೆನ್ನಾಗಿಯೇ ಓಡಿತು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ನಾನು ಕ್ಲಚ್ಚನ್ನು ಎಷ್ಟು ಒರಟಾಗಿ ಬಿಟ್ಟರೂ ಸಹಿಸಿಕೊಳ್ಳುತ್ತಿತ್ತು. ಆದರೆ ಟೀಚರ್ ಆ ಇಂಜಿನ್ ಹಾಕಿಸಿದ್ದು ನನ್ನ ಕ್ಲಚ್ಚಿಗಾಗಿ ಅಲ್ಲ. ಬೆಟ್ಟದ ಆಚೆಯ ಊರಿನಲ್ಲಿ ಅವರ ದೊಡ್ಡಕ್ಕ ಇದ್ದಾರೆ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ದೊಡ್ಡಕ್ಕ ಮನೆ ಬಿಟ್ಟು ಹೊರಗೆ ಬಂದಿಲ್ಲ, ಅಕ್ಕ ತಂಗಿ ಮುಖ ನೋಡಿ ನಾಲ್ಕು ವರ್ಷ. ಬಸ್ಸಿನಲ್ಲಿ ಏಳು ಗಂಟೆ, ನಡುವೆ ಎರಡು ಕಡೆ ಇಳಿದು ಹತ್ತಬೇಕು, ಟೀಚರಿಗೆ ಆ ಮೆಟ್ಟಿಲು ಆಗುವುದಿಲ್ಲ. ತಮ್ಮ ವರ್ಷಕ್ಕೊಮ್ಮೆ ಹೋಗಿ ಬರುತ್ತಾನೆ. "ಒಂದಿನ ನಿನ್ನೂ ಕರ್ಕೊಂಡ್ ಹೋಗ್ತೀನಿ ಅಕ್ಕ" ಎನ್ನುತ್ತಲೇ ಇದ್ದಾನೆ, ಆ ಒಂದಿನ ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗಿಲ್ಲ.

ಇಂಜಿನ್ ಹಾಕಿಸಿದ ಮೂರನೇ ಭಾನುವಾರ ಟೀಚರ್ ಯಾರಿಗೂ ಹೇಳದೆ ಮರದ ಗಟ್ಟಿ ಸಿಕ್ಕಿಸಿಕೊಂಡು ಬೆಳಿಗ್ಗೆ ಆರಕ್ಕೇ ಹೊರಟರು. ಸಮತಟ್ಟಿನ ದಾರಿ ಮುಗಿಯುವವರೆಗೆ ಎಲ್ಲ ಸರಿಯಾಗಿತ್ತು. ಬೆಟ್ಟದ ಏರು ಶುರುವಾಗಿ ಎರಡನೇ ತಿರುವು ಬರುವಷ್ಟರಲ್ಲಿ ಇಂಜಿನ್ ಕೆಮ್ಮಿತು. ಆಕ್ಸಿಲರೇಟರ್ ಒತ್ತಿದಷ್ಟೂ ಜಗ್ಗಿತು, ಕಾಲು ಸಡಿಲಿಸಿದರೆ ಮತ್ತೆ ಸರಿಹೋಯಿತು. ಹಿಂದಿನವರು ಹಾರ್ನ್ ಹೊಡೆದರು. ಒಬ್ಬ ಪಕ್ಕಕ್ಕೆ ಬಂದು ಕಾರಿನ ಮೇಲಿದ್ದ 'ಕಲಿಯುವವರು' ಎಂಬ ಫಲಕ ನೋಡಿ ನಕ್ಕು ಮುಂದೆ ಹೋದ. ಟೀಚರ್ ಮೂರು ಸಲ ಪ್ರಯತ್ನಿಸಿ, ಕಾರು ತಿರುಗಿಸಿಕೊಂಡು ಮನೆಗೆ ಬಂದು ಬಾಗಿಲು ಹಾಕಿಕೊಂಡರು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನು ಕಂಡದ್ದು ಇಷ್ಟೇ: ಅವರು ಬೈಯುವುದನ್ನು ನಿಲ್ಲಿಸಿದ್ದರು. ನಾನು ಗೇರ್ ಹಾಕದೆ ಆಕ್ಸಿಲರೇಟರ್ ಒತ್ತಿದರೂ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದರು. ಏಳು ತಿಂಗಳು ಬೈಸಿಕೊಂಡವನಿಗೆ ಇದು ತೀರಾ ಅವಮಾನವೆನಿಸಿತು, ನನ್ನ ಮೇಲಿನ ಆಸೆಯನ್ನೇ ಬಿಟ್ಟರೇನೋ ಎಂದುಕೊಂಡೆ. ಅವರು ಬಿಟ್ಟದ್ದು ತಮ್ಮ ಮೇಲಿನ ಆಸೆಯನ್ನು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕೂತು ಓಡಿಸುವುದೇ ಮರೆತುಹೋಗಿದೆ, ಕಾಲು ಇನ್ನು ಕೇಳುವುದಿಲ್ಲ, ದೊಡ್ಡಕ್ಕನನ್ನು ಇನ್ನು ಫೋಟೋದಲ್ಲೇ ನೋಡಬೇಕು ಎಂದು ಅವರು ತೀರ್ಮಾನಿಸಿದ್ದರು. ಸಾವಿರಾರು ಜನರಿಗೆ ಕಲಿಸಿದವರು ಹಾಗೆ ಹತ್ತು ದಿನ ಯೋಚಿಸಿದರು ಎಂಬುದು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹನ್ನೊಂದನೇ ದಿನ ನನ್ನ ಪಾಠದ ನಡುವೆ, ಕನ್ನಡಿಯೊಂದು ಅಲುಗುತ್ತಿದೆ ಎಂದು ಗ್ಯಾರೇಜಿಗೆ ಹೋದೆವು. ತಮ್ಮ ಸ್ಕ್ರೂ ಬಿಗಿಮಾಡುತ್ತಿದ್ದ. ಟೀಚರ್ ಯಾವುದೋ ಬೇರೆಯವರ ಕಾರಿನ ಮಾತೆನ್ನುವಂತೆ, "ಏರಿನಲ್ಲಿ ಇಂಜಿನ್ ಜಗ್ಗಿದ್ರೆ ಓಡಿಸೋರ ತಪ್ಪೇನೋ?" ಎಂದು ಕೇಳಿದರು.

"ಯಾವ ಏರು?"

"ಬೆಟ್ಟದ್ದು."

ತಮ್ಮ ಜೋರಾಗಿ ನಕ್ಕ. "ಈ ಕಾರನ್ನ ಬೆಟ್ಟಕ್ಕೆ ತಗೊಂಡ್ ಹೋಗಿದ್ಯಾ? ಅದರೊಳಗೆ ಇರೋದು ಬೈಕಿನ ಪಂಪು ಅಕ್ಕ! ಒತ್ತಡ ಸರಿಯಾಗಿ ಬರುತ್ತೆ, ಧಾರೆ ಸಣ್ಣದು. ಊರೊಳಗೆ ಧಾರಾಳ. ನೀನು ಇಪ್ಪತ್ತಾರು ವರ್ಷದಲ್ಲಿ ನಲವತ್ತರ ಸ್ಪೀಡ್ ಮೇಲೆ ಯಾವತ್ತು ಹೋಗಿದ್ದೀಯ ಹೇಳು? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ ಅಂತ ಅದನ್ನೇ ಹಾಕ್ದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು."

"ನನ್ ಕಾಲು ಎಷ್ಟುದ್ದ ಅಂತ ನನಗೆ ಗೊತ್ತು ಕಣೋ" ಎಂದರು ಟೀಚರ್.

ತಮ್ಮನ ನಗು ನಿಂತಿತು. ಸ್ಟೀರಿಂಗ್ ಹಿಂದೆ ಕೂತಿದ್ದ ನನಗೆ ಇಳಿದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ.

ಟೀಚರ್ ದನಿ ಏರಿಸಲಿಲ್ಲ. "ನೀನು ಪಂಪಿನ ಬೆಲೆ ಕೇಳ್ದೆ. ಒತ್ತಡ ನೋಡ್ದೆ. ಬಾಟ್ಲಿ ಹಿಡಿದು ಧಾರೆ ಅಳೆದೆ. ಎಲ್ಲಿಗೆ ಹೋಗ್ಬೇಕು ಅಂತ ನನ್ನನ್ನ ಒಂದ್ ಮಾತು ಕೇಳ್ಲಿಲ್ಲ. ಹತ್ತು ದಿನ ನಾನು ನನ್ನ ಕಾಲನ್ನ ಬೈಕೊಂಡಿದ್ದೀನಿ."

"ದೊಡ್ಡಕ್ಕನ ಮನೆಗಾ?" ಎಂದ ತಮ್ಮ ಸಣ್ಣ ದನಿಯಲ್ಲಿ. "ನಾನೇ ಕರ್ಕೊಂಡ್ ಹೋಗ್ತಿದ್ದೆ."

"ಹೂಂ. ಒಂದಿನ."

ಅವನು ಮೇಜಿನ ಖಾನೆಯಿಂದ ಇನ್ನೆರಡು ಪಂಪು ತೆಗೆದಿಟ್ಟ. ಒಂದು ಹೆಸರಿಲ್ಲದ ಕಂಪನಿಯದು, ಹೊಸದು, ಥಳಥಳ ಹೊಳೆಯುತ್ತಿತ್ತು, ಬೆಲೆಯೂ ಕಡಿಮೆ. ಇನ್ನೊಂದು ಗುಜರಿಯಿಂದ ಬಂದದ್ದು. ಅದೇ ಅಳತೆಯ ಇಂಜಿನ್ ಇದ್ದ ಕಾರಿನದ್ದು, ಮೈಯೆಲ್ಲ ಕಂದುಗಟ್ಟಿತ್ತು. ತಮ್ಮನ ಪರೀಕ್ಷೆ ಅರ್ಧ ನಿಮಿಷದ್ದು. ಪಂಪನ್ನು ಪೆಟ್ರೋಲ್ ಡಬ್ಬದಲ್ಲಿ ಮುಳುಗಿಸಿ, ಒತ್ತಡದ ಮುಳ್ಳು ನೋಡುತ್ತ, ಬಾಟಲಿ ಎಷ್ಟು ತುಂಬಿತು ಎಂದು ಅಳೆಯುವುದು. ಬೈಕಿನದು ಕಾಲು ಬಾಟಲಿಯೂ ತುಂಬಿರಲಿಲ್ಲವಂತೆ. ಇವೆರಡೂ ಮುಕ್ಕಾಲು ಬಾಟಲಿ ತುಂಬಿದವು.

"ಎರಡೂ ಒಂದೇ. ಹೊಸದನ್ನ ಹಾಕ್ಲಾ?" ಎಂದ ತಮ್ಮ.

"ಬೆಟ್ಟ ಅರ್ಧ ನಿಮಿಷಕ್ಕೆ ಮುಗಿಯುತ್ತೇನೋ?" ಎಂದರು ಟೀಚರ್. "ಆ ಏರು ನಲವತ್ತು ನಿಮಿಷ. ಒಂದೊಂದನ್ನೂ ನಲವತ್ತು ನಿಮಿಷ ಓಡ್ಸು."

ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಬೀಡಿ ಸೇದಲು ಬಂದ ಪಕ್ಕದಂಗಡಿಯವನನ್ನು ಗದರಿಸಿ ಓಡಿಸಿ, ಮೂವರೂ ಡಬ್ಬದ ಸುತ್ತ ನಿಂತೆವು. ನನ್ನ ಪಾಠದ ಸಮಯ ಮುಗಿದಿತ್ತು, ಅಂಗಡಿ ತೆರೆಯುವ ಹೊತ್ತು ಮೀರಿತ್ತು. ತಲೆ ಮೇಲೆ ತಲೆ ಬಿದ್ದರೂ ನಾನು ಅಲ್ಲಿಂದ ಕದಲುವವನಲ್ಲ. ಸಣ್ಣ ಅಂಕಿ ಓದುವುದು ನನ್ನ ಕಸುಬಾದ್ದರಿಂದ ಮುಳ್ಳು ನೋಡುವ ಕೆಲಸ ನನಗೆ ಬಂತು. ಹೊಸ ಪಂಪು ಇಪ್ಪತ್ತು ನಿಮಿಷ ಜೋರಾಗಿ ಓಡಿತು. ಇಪ್ಪತ್ತಮೂರಕ್ಕೆ ಬಿಸಿಯಾಗಿ ಅದರ ದನಿ ಕುಗ್ಗಿತು, ಮುಳ್ಳು ಕೆಳಗಿಳಿಯಿತು, ಮೂವತ್ತಕ್ಕೆ ಮತ್ತೆ ಬಾಟಲಿ ಹಿಡಿದರೆ ಅರ್ಧ ನಿಮಿಷದಲ್ಲಿ ಅರ್ಧವೂ ತುಂಬಲಿಲ್ಲ. ಗುಜರಿಯದು ಮೊದಲಿಂದ ಕೊನೆಯವರೆಗೆ ಒಂದೇ ರಾಗದಲ್ಲಿ ಗೊಣಗುತ್ತ, ನಲವತ್ತನೇ ನಿಮಿಷಕ್ಕೂ ಅದೇ ಮುಕ್ಕಾಲು ಬಾಟಲಿ ಕೊಟ್ಟಿತು. ತಮ್ಮ ಅದಕ್ಕೆ ಕಸ ಸೋಸುವ ಹೊಸ ಜಾಲರಿ ಹಾಕಿ, ಒಂದು ಗಾದೆಯನ್ನೂ ಹೇಳದೆ, ಟ್ಯಾಂಕಿನೊಳಗೆ ಕೂರಿಸಿದ.

ಭಾನುವಾರ ಟೀಚರ್ ಮತ್ತೆ ಹೊರಟರು. ತಮ್ಮ ಜೊತೆಗೆ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತಿದ್ದನಂತೆ, ಅವರು ಬೇಡವೆಂದರು. ಮುಂದೆ ಒಂದು ಭಾರದ ಲಾರಿ ತೆವಳುತ್ತಿದ್ದುದರಿಂದ ನಲವತ್ತು ನಿಮಿಷದ ಏರು ಐವತ್ತೈದಾಯಿತು, ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಇದನ್ನು ನನಗೆ ಹೇಳಿದ್ದು ಮಂಗಳವಾರ, ನಾನು ಚೌಕದ ನಡುವೆ ಕಾರು ನಿಲ್ಲಿಸಿಕೊಂಡು ಒದ್ದಾಡುತ್ತಿದ್ದಾಗ, ಎರಡು ಬೈಗುಳದ ನಡುವೆ.

ಬೆಲ್ ಒತ್ತಿದಾಗ ದೊಡ್ಡಕ್ಕ ಕೋಲೂರಿಕೊಂಡು ಬಂದು ಬಾಗಿಲು ತೆಗೆದರು. ತಂಗಿಯನ್ನು ನೋಡಿದವರೇ ಅವರ ಬೆನ್ನ ಹಿಂದೆ ಇಣುಕಿ, "ಎಲ್ಲೇ ಅವನು?" ಎಂದರು.

"ಯಾರು?"

"ನಿನ್ನ ಕರ್ಕೊಂಡ್ ಬಂದೋನು."

"ಯಾರೂ ಇಲ್ಲ. ನಾನೇ ಓಡಿಸ್ಕೊಂಡ್ ಬಂದೆ."

ದೊಡ್ಡಕ್ಕ ನಂಬಲಿಲ್ಲ. ಮನೆ ಬಿಟ್ಟು ಹೊರಗೆ ಬಾರದವರು ಒಂದೊಂದೇ ಮೆಟ್ಟಿಲು ಇಳಿದು ಕಾರಿನವರೆಗೆ ಹೋದರು. ಮುಂದಿನ ಸೀಟು ನೋಡಿದರು, ಹಿಂದಿನ ಸೀಟು ಬಗ್ಗಿ ನೋಡಿದರು, ತಮ್ಮ ಅಡಗಿ ಕೂತು ಆಟ ಆಡಿಸುತ್ತಿದ್ದಾನೆಂದು ಡಿಕ್ಕಿಯನ್ನೂ ತೆಗೆಸಿದರು. ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬೀದಿಯಲ್ಲೇ ನಿಂತು ತಂಗಿಯ ಕೆನ್ನೆ ಹಿಡಿದುಕೊಂಡು, "ನಿನ್ನ ಕೈಲಾಗಲ್ಲ ಅಂತ ಇಷ್ಟು ವರ್ಷ ನಾನೂ ಅಂದ್ಕೊಂಡಿದ್ದೆ ಕಣೇ" ಎಂದು ಅತ್ತುಬಿಟ್ಟರಂತೆ.