ಗೆಡ್ಡಿಯ ಬಾಗಿಲಿನ ಅಡ್ಡಗಲ್ಲು

ಜನನ-ಮರಣ ನೋಂದಣಿ ಕಚೇರಿಯಿಂದ ನಿವೃತ್ತನಾದ ದಿನವೇ ಲಾಕ್ಲನ್ ಗೆಡ್ಡಿಗೆ ಬದುಕಿರುವವರ ಮೇಲಿನ ಆಸಕ್ತಿ ಹೊರಟುಹೋಯಿತು. ಮೂವತ್ತೆಂಟು ಮನೆ, ಒಂದು ಚರ್ಚು, ಪಾರಿವಾಳ ಸಾಕಲು ಕಟ್ಟಿದ ಒಂದು ಹಳೆಯ ಗೋಪುರ: ಅವನ ಊರು ಕಿಲ್‌ಮಾಡ್ರಿ ಎಂದರೆ ಇಷ್ಟೇ. ಇಷ್ಟಕ್ಕೆ ಅವನು ನಾನೂರು ಪುಟದ ಇತಿಹಾಸ ಬರೆದ. ಅದರಲ್ಲಿ ತೊಂಬತ್ತು ಪುಟ ಅವನ ಸ್ವಂತ ಮನೆಯದೇ.

ಅದಕ್ಕೆ ಆಧಾರ ಬಾಗಿಲ ಮೇಲಿನ ಅಡ್ಡಗಲ್ಲು. ಹಿಂದೆ ಆ ಕಡೆ ಹೊಸ ದಂಪತಿ ಮನೆ ಕಟ್ಟಿದರೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ ಮದುವೆಯ ವರ್ಷವನ್ನೂ ಬಾಗಿಲ ಮೇಲೆ ಕೆತ್ತಿಸುತ್ತಿದ್ದರು. ಗೆಡ್ಡಿಯ ಕಲ್ಲಿನ ಮೇಲೆ 1668 ಎಂದಿತ್ತು. ಅಕ್ಷರಗಳು ತನ್ನ ಪೂರ್ವಜರವೆಂದು ಅವನೇ ತೀರ್ಮಾನಿಸಿದ್ದ. ಊರಿನ ಅತಿ ಹಳೆಯ ಕಟ್ಟಡಕ್ಕೆಂದು ಊರ ಸಮಿತಿ ಮಾಡಿಸಿದ್ದ ಕಂಚಿನ ಫಲಕ ತನ್ನ ಗೋಡೆಗಲ್ಲದೆ ಬೇರೆಲ್ಲಿಗೂ ಹೋಗಬಾರದೆಂಬುದು ಅವನ ಜೀವಮಾನದ ಆಸೆ.

ಸಮಿತಿಯವರು ಫಲಕ ಹಿಡಿದು ಮನೆ ನೋಡಲು ಬಂದ ದಿನ, ಎಂಬತ್ನಾಲ್ಕರ ಗಾರೆ ಕೆಲಸದ ಎಕ್ ಟಾಶ್ ಕೂಡ ಜೇಬಿಗೆ ಕೈ ಹಾಕಿಕೊಂಡು ಬಂದು ನಿಂತ.

"ಆ ಕಲ್ಲು ನಮ್ಮಪ್ಪ ತಂದು ಕೂರ್‍ಸಿದ್ದು ಕಣಯ್ಯ. ಗಾರೆ ಕಲಸಿದ್ದು ನಾನು."

"ಎಲ್ಲಿಂದ ತಂದನಂತೆ ನಿಮ್ಮಪ್ಪ?" ಎಂದ ಗೆಡ್ಡಿ.

"ಜಮೀನ್ದಾರ್‍ರ ಹಂದಿಗೂಡಿಂದ. ಯಾವ್ದೋ ಬಿದ್ದ ಮನೆ ಕಲ್ಲು. ಹಿಂದುಗಡೆ ಬಾನಿ ಕೊರ್‍ದು ಹಂದಿಗೆ ಮೇವಿಡ್ತಿದ್ರು."

"ಟಾಶ್, ನಿನ್ನೆ ಏನು ತಿಂದೆ ಅಂತ್ಲೇ ನಿನಗೆ ನೆನಪಿರಲ್ಲ."

"ಓಟ್ಸ್ ಗಂಜಿ. ಉಪ್ಪು ಹಾಕಿದ್ದು. ಒಳಗಡೆ ಗಿಲಾವು ಕೆರೆದು ನೋಡ್ಕೋ."

ಮುದುಕನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು ಗೆಡ್ಡಿ ಉಳಿ ಸುತ್ತಿಗೆ ತಂದ. "ಆ ನೆಲ ಈಗ ತಾನೇ ಒರೆಸಿದೀನಿ," ಎಂದಳು ಹೆಂಡತಿ ನೆಟ್ಟಾ. ಇತಿಹಾಸಕಾರನ ಕಿವಿಗೆ ಇಂಥ ಸಣ್ಣ ಮಾತುಗಳು ಬೀಳುವುದಿಲ್ಲ. ನಾಲ್ಕನೆಯ ಏಟಿಗೆ ಗಿಲಾವು ಹಪ್ಪಳದಂತೆ ಕಳಚಿತು. ಹಿಂದೆ ಮೊಳದುದ್ದದ ನುಣುಪಾದ ಕುಳಿ. ಮೂತಿ ಉಜ್ಜಿ ಉಜ್ಜಿ ಅದರ ಅಂಚು ಸವೆದಿತ್ತು.

ಸಮಿತಿಯವರು ತಂತಮ್ಮ ಬೂಟು ನೋಡಿಕೊಂಡರು.

"ಗೋಪುರದ ಕಡೆ ಹೋಗೋಣ್ವಾ?" ಎಂದಳು ಅಧ್ಯಕ್ಷೆ ರೋನಾ ಇಮ್ರಿ, ಫಲಕವನ್ನು ಕಂಕುಳಿಗೆ ಸೇರಿಸುತ್ತ.

"ತಡೀರಿ," ಗೆಡ್ಡಿ ಬಾಗಿಲಿಗೆ ಅಡ್ಡ ನಿಂತ. ಮೀಸೆಯ ತುಂಬ ಸುಣ್ಣ. "ಅವೇನು ಯಾರ್‍ಯಾರದ್ದೋ ಹಂದಿಗಳಲ್ಲ. ಜಮೀನ್ದಾರ್‍ರ ಹಂದಿಗಳು."

ಫಲಕ ಪಾರಿವಾಳಗಳ ಪಾಲಾಯಿತು. ಅವು ತಮ್ಮ ರೀತಿಯಲ್ಲಿ ಅದನ್ನು ಸ್ವೀಕರಿಸಿವೆ. ಗೆಡ್ಡಿ ಈಗ ಆ ಹಂದಿಗಳ ವಂಶಾವಳಿ ಬರೆಯುತ್ತಿದ್ದಾನೆ. ಅವನ್ನು ಕಣ್ಣಾರೆ ಕಂಡವನು ಊರಿನಲ್ಲಿ ಟಾಶ್ ಒಬ್ಬನೇ. ಅವನನ್ನು ಹೋಗಿ ಕೇಳಲು ಮಾತ್ರ ಗೆಡ್ಡಿಯ ಘನತೆ ಒಪ್ಪುತ್ತಿಲ್ಲ.