ಸೂಜಿ ಚುಚ್ಚಿಕೊಂಡು ಪೂಜೆಗೆ ಕುಳಿತದ್ದು

ಡಾಕ್ಟರು ಇನ್ಸುಲಿನ್ ಎಂದಾಗ ನಾನು ಜಗಳಕ್ಕೇ ನಿಂತೆ. "ಇನ್ನೆರಡು ಗುಳಿಗೆ ಜಾಸ್ತಿ ಬರ್ಕೊಡ್ರಿ, ನುಂಗ್ತೀನಿ. ಸೂಜಿ ಮಾತ್ರ ಬ್ಯಾಡ" ಎಂದೆ. ಹನ್ನೊಂದು ವರ್ಷ ಗುಳಿಗೆ ನುಂಗಿದ್ದಾಯಿತು, ಈ ಸಕ್ಕರೆ ಇನ್ನು ಅದಕ್ಕೆ ಬಗ್ಗುವುದಿಲ್ಲ ಎಂದು ಅವರು ಪೆನ್ನಿನಂಥದ್ದೊಂದನ್ನು ಕೈಗಿಟ್ಟರು. ನರ್ಸಮ್ಮ ಹೊಟ್ಟೆಯ ಮೇಲೆ ಎಲ್ಲಿ ಚುಚ್ಚಬೇಕು, ಎಷ್ಟಕ್ಕೆ ತಿರುಗಿಸಬೇಕು ಎಂದು ತೋರಿಸಿ, "ಚುಚ್ಕೊಂಡು ಅರ್ಧ ಗಂಟೆಗೆ ತಿನ್ನಬೇಕ್ರೀ, ಮರೀಬ್ಯಾಡ್ರಿ. ಕೈ ನಡುಗಿದ್ರೆ, ಬೆವರು ಬಂದ್ರೆ ಮೊದ್ಲು ಸಕ್ಕರೆ ಬಾಯಿಗೆ ಹಾಕ್ಕೊಳ್ರಿ. ಮನೇಲಿ ಯಾರಿಗಾದ್ರೂ ಹೇಳಿಡ್ರಿ" ಎಂದರು. ಹ್ಞೂಂ ಎಂದೆ. ಮನೆಯಲ್ಲಿ ಹೇಳುವುದಕ್ಕೆ ನಾಲ್ಕು ಗೋಡೆ ಬಿಟ್ಟರೆ ಯಾರಿದ್ದರು?

ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಮನೆಯ ಮೇಲಿನ ಭಾಗ ನನ್ನದು, ಬಾಡಿಗೆಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಮದುವೆಯಾಗಲಿಲ್ಲ, ಯಾಕೆಂದು ಕೇಳಿ ಕೇಳಿ ಊರಿಗೇ ಸಾಕಾಗಿದೆ. ಅಣ್ಣ ಹೊನ್ನಾಳಿಯಲ್ಲಿದ್ದಾನೆ. ನನಗೊಂದು ಸಲ ತಲೆ ಸುತ್ತಿತೆಂದು ತಿಳಿದರೆ ಸಾಕು, ಸಾಮಾನು ಕಟ್ಟಿಸಿ ಕರೆದುಕೊಂಡು ಹೋಗಿ ತನ್ನ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿಸಿಬಿಡುತ್ತಾನೆ. ಪ್ರೀತಿಯಿಂದಲೇ ಮಾಡುತ್ತಾನೆ, ಕಷ್ಟವಿರುವುದೇ ಅಲ್ಲಿ. ಒಬ್ಬಳೇ ಇರುವುದು ನನಗೆ ಸುಖವೇನಲ್ಲ. ಸಂಜೆ ಬೀಗ ತೆಗೆಯುವಾಗ ಎದೆ ಖಾಲಿ ಎನ್ನಿಸುತ್ತದೆ. ಎಷ್ಟೋ ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಒಂದು ಮಾತೂ ಆಡಿರುವುದಿಲ್ಲ. ಆದರೂ ಬೀಗ ನನ್ನದು. ಅದಕ್ಕೇ ಸೂಜಿಯ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಮನೆತನದಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಅವ್ವ ಹಾಗೆ ಬೆಳೆಸಿದಳು. ಇದರ ನಡುವೆ ಸೂಜಿಯನ್ನು ಎಲ್ಲಿ ತೂರಿಸುವುದು? ಚುಚ್ಚಿದಲ್ಲಿ ಒಂದೊಂದು ದಿನ ಹನಿ ರಕ್ತ ಒಸರುತ್ತಿತ್ತು. ಪೂಜೆ ಮುಗಿಸಿ, ಪ್ರಸಾದದ ಮುಂದೆ ಕೂತು ರಕ್ತ ಮುಟ್ಟುವುದೇ, ಛೇ ಎಂದು ನಾನೇ ಒಂದು ಕ್ರಮ ಕಟ್ಟಿದೆ. ಮೊದಲು ಸೂಜಿ, ಆಮೇಲೆ ಸ್ನಾನ, ಆಮೇಲೆ ಪೂಜೆ, ಕೊನೆಗೆ ತಿಂಡಿ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ತರಗತಿಯಲ್ಲಿ ಗಂಟಲು ಹರಿಯುವಂತೆ ಹೇಳುವವಳು ನಾನೇ. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಆ ಪಾಠ ನೆನಪಿಗೆ ಬರಲಿಲ್ಲ ನೋಡಿ! ದಿನವೂ ಲಗುಬಗೆಯಿಂದ ಮುಗಿಸಿ ಅರ್ಧ ಗಂಟೆಯೊಳಗೆ ಉಪ್ಪಿಟ್ಟಿನ ಮುಂದೆ ಕೂರುತ್ತಿದ್ದೆ. ಹೇಗೋ ನಡೆದುಹೋಯಿತು.

ಶ್ರಾವಣದ ಒಂದು ಸೋಮವಾರ ರಜೆ ಹಾಕಿದ್ದೆ. ಅವಸರವಿಲ್ಲವೆಂದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೂರೆಂಟು ಪತ್ರೆ ಒಂದೊಂದಾಗಿ ಏರಿಸುತ್ತಾ ಕುಳಿತೆ. ಅರವತ್ತರ ಹತ್ತಿರ ಬಂದಾಗ ಮೈ ಬೆವರಿತು. ಕೈ ನಡುಗಿತು. ದೀಪ ಒಂದು ಹೋಗಿ ಎರಡಾಗಿ ಕಂಡಿತು. ಅಯ್ಯೋ ಶಿವನೇ, ಇಷ್ಟು ವರ್ಷಕ್ಕೆ ನನ್ನ ಕಡೆ ಕಣ್ಣು ಬಿಟ್ಟು ನೋಡಿದೆಯಾ ಎಂದುಕೊಂಡೆ. ನಿಜ ಹೇಳುತ್ತೇನೆ, ಹಾಗೆಯೇ ಅಂದುಕೊಂಡೆ. ನರ್ಸಮ್ಮ ಹೇಳಿದ್ದೆಲ್ಲ ಎಲ್ಲಿ ಹೋಗಿತ್ತೋ. ಈ ಮನೆಯಲ್ಲಿ ನನ್ನ ಜೊತೆ ಇನ್ನೊಬ್ಬರಿದ್ದಾರೆ ಅನ್ನಿಸಿ ಎಷ್ಟು ಸಂತೋಷವಾಯಿತೆಂದರೆ, ಏಳುವ ಮನಸ್ಸೇ ಆಗಲಿಲ್ಲ.

ಅಷ್ಟರಲ್ಲಿ ಅಂಗೈ ವಾಲಿ ಲಿಂಗ ಜಾರಿತು. ಪುಣ್ಯಕ್ಕೆ ಮಡಿಲಲ್ಲಿ ಬಿತ್ತು. ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮಲ್ಲಿ ಜೀವ ಹೋದಷ್ಟೇ. ಆ ದಿಗಿಲಿಗೆ ಎಚ್ಚರವಾಗಿ, ಸೂಜಿ ಚುಚ್ಚಿಕೊಂಡು ಗಂಟೆಯ ಮೇಲಾಯಿತೆಂದು ಹೊಳೆಯಿತು. ನೈವೇದ್ಯಕ್ಕಿಟ್ಟಿದ್ದ ಬಟ್ಟಲು ಸಕ್ಕರೆಯನ್ನು ಶಿವನಿಗೆ ತೋರಿಸದೆಯೇ ಬಾಯಿಗೆ ಸುರಿದುಕೊಂಡೆ. ಗೋಡೆಗೊರಗಿ ಕೂತೆ. ಕಾಲು ಗಂಟೆಯಲ್ಲಿ ನಡುಕ ನಿಂತಿತು, ದೀಪ ಒಂದೇ ಆಯಿತು, ಜೊತೆಗಿದ್ದವರೂ ಹೊರಟುಹೋದರು. ಆಗ ಬಂತು ಅಳು. ಅವ್ವ ಸತ್ತ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು.

ಕೆಳಗಿನ ಮನೆಯಾಕೆಯ ಜೊತೆ ನಾಲ್ಕು ತಿಂಗಳಿಂದ ನನಗೆ ಮಾತಿರಲಿಲ್ಲ. ನನ್ನ ಒದ್ದೆ ಸೀರೆಯ ನೀರು ಅವಳ ಹಪ್ಪಳದ ಮೇಲೆ ಸೋರಿದ್ದಕ್ಕೆ ಇಬ್ಬರೂ ಬೀದಿಗೆ ಕೇಳುವಂತೆ ಕಿತ್ತಾಡಿದ್ದೆವು. ಅಣ್ಣನಿಗೆ ತಿಳಿದರೂ ತಿಳಿಯಲಿ, ಒಬ್ಬಳೇ ಹೆಣವಾಗಿ ಬಿದ್ದಿರುವುದಕ್ಕಿಂತ ವಾಸಿ ಎಂದು ಮೆಟ್ಟಿಲಿಳಿದು ಹೋಗಿ ಎಲ್ಲ ಹೇಳಿದೆ. ಆಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ಎಂಥಾ ಓದಿದೋರ್ರೀ ನೀವು! ಪೂಜೆ ಮುಗಿಸ್ಕೊಂಡು ಚುಚ್ಕೊಳ್ಳಾಕೆ ಏನಾಗೈತೆ? ಶಿವ ಏನ್ ಹೊಡೀತಾನಾ? ನಾಳಿಂದ ಎಂಟಕ್ಕೆ ಕೆಳಗಿಂದ ಕೂಗ್ತೀನಿ, ಓ ಅನ್ರಿ. ಅನ್ನಲಿಲ್ಲ ಅಂದ್ರೆ ಬಾಗ್ಲು ಒಡ್ಸಿ ನಿಮ್ಮಣ್ಣಂಗೆ ಫೋನ್ ಮಾಡ್ತೀನಿ ನೋಡ್ರಿ ಮತ್ತೆ."

ಮರುದಿನದಿಂದ ಪೂಜೆ ಮೊದಲಾಯಿತು, ಸೂಜಿ ಆಮೇಲೆ. ಎಂಟಕ್ಕೆ ಸರಿಯಾಗಿ "ಟೀಚರ್, ತಿಂದ್ರಾ?" ಎಂಬ ಕೂಗು. "ಓ, ತಿಂದೆ" ಎನ್ನುತ್ತಿದ್ದೆ. ಮೊದಮೊದಲು ಕಿರಿಕಿರಿ, ನಾನೇನು ಎಳೆ ಕೂಸೇ ಎಂದು. ಆಮೇಲಾಮೇಲೆ ತಟ್ಟೆ ಹಿಡಿದು ಕಿಟಕಿಯ ಪಕ್ಕದಲ್ಲೇ ಕೂರತೊಡಗಿದೆ.

ಹೋದ ವಾರ ಆಕೆ ಮದುವೆಗೆಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಜಗಳೂರಿಗೆ ಹೋದಳು. ಹಿಂದಿನ ಸಂಜೆಯೇ ಹೇಳಿದ್ದಳು. ಗೊತ್ತಿದ್ದೂ ನಾನು ದೋಸೆ ಮುಂದಿಟ್ಟುಕೊಂಡು ಎಂಟರವರೆಗೆ ಕಾದೆ. ಎಂಟೂ ಆಯಿತು. ಕೆಳಗೆ ಬೀಗ. ಸೂಜಿ ಚುಚ್ಚಿಕೊಂಡಾಗಿತ್ತು, ತಿನ್ನಲೇಬೇಕಿತ್ತು, ಮುರಿದ ತುತ್ತನ್ನು ಮತ್ತೆ ತಟ್ಟೆಗೇ ಇಟ್ಟೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾರೂ ಇಲ್ಲದ ಅಂಗಳಕ್ಕೆ ಕೇಳುವಷ್ಟು ಜೋರಾಗಿ "ಓ, ತಿಂದೆ" ಎಂದೆ. ಆಮೇಲೆ ತಿಂದೆ.